ಆನ್‌ಲೈನ್ ಟೆಸ್ಟ್‌ನಲ್ಲಿ ‘ಉದ್ರೇಕ ಕಡಿಮೆ, ತಡೆ ಜಾಸ್ತಿ’ ಅಂತ ಬಂದಿದೆ, ಇದನ್ನು ಎಷ್ಟು ನಂಬಬೇಕು?

ಪ್ರಶ್ನೆ ಕೇಳಿದವರು: ಮಂಡ್ಯ ಕಡೆಯವನು

ಹೆಸರು ಹಾಕುತ್ತಿಲ್ಲ, ಯಾಕೆ ಅಂತ ಓದಿದರೆ ಗೊತ್ತಾಗುತ್ತದೆ. ವಯಸ್ಸು 32. ಮಂಡ್ಯ ತಾಲೂಕಿನ ಒಂದು ಹಳ್ಳಿ. ಕೆಲಸ ಮೈಸೂರಿನಲ್ಲಿ, ದಿನಾ ರೈಲಿನಲ್ಲಿ ಹೋಗಿ ಬರುತ್ತೇನೆ. ಮದುವೆಯಾಗಿ ಎರಡು ವರ್ಷದ ಮೇಲಾಯಿತು. ಅಪ್ಪ, ಅಮ್ಮ, ಅಜ್ಜಿ, ತಮ್ಮ ಎಲ್ಲ ಒಂದೇ ಮನೆಯಲ್ಲಿ.

ವಿಷಯಕ್ಕೆ ಬರುತ್ತೇನೆ. ಹೆಂಡತಿ ಜೊತೆ ಇದ್ದಾಗ ನನಗೆ ಮೂಡ್ ಬರುವುದೇ ನಿಧಾನ. ಬಂದರೂ ಹೊರಗೆ ಯಾರಾದರೂ ಕೆಮ್ಮಿದರೆ, ಬಚ್ಚಲ ಬಾಗಿಲು ಕಿರ್ ಅಂದರೆ, ಅಲ್ಲಿಗೆ ಇಳಿದುಹೋಗುತ್ತದೆ. ಕೆಲವು ಸಲ ಹಾಗಾದ ಮೇಲೆ ಈಗ ಶುರುವಾಗುವ ಮೊದಲೇ ‘ಇವತ್ತೂ ಹಾಗೇ ಆಗಿಬಿಟ್ಟರೆ’ ಅನ್ನುವ ಯೋಚನೆ ತಲೆಗೆ ಬರುತ್ತದೆ. ಬಂತು ಅಂದರೆ ಮುಗಿಯಿತು. ಹೆಂಡತಿ ಏನೂ ಅನ್ನುವುದಿಲ್ಲ. ಅವಳು ಏನೂ ಅನ್ನದೆ ಇರುವುದೇ ನನಗೆ ಇನ್ನೂ ಕಷ್ಟ.

ಯಾರ ಹತ್ತಿರ ಕೇಳುವುದು? ಬಸ್‌ ಸ್ಟ್ಯಾಂಡ್ ಶೌಚಾಲಯದ ಗೋಡೆಗೆ ಅಂಟಿಸಿರುವ ‘ಗುಪ್ತ ಸಮಸ್ಯೆಗೆ ಶಾಶ್ವತ ಪರಿಹಾರ’ದವರ ಹತ್ತಿರ ಹೋಗುವ ಮನಸ್ಸಿಲ್ಲ. ನೆಟ್‌ನಲ್ಲಿ ಹುಡುಕುವಾಗ ಒಂದು ಇಂಗ್ಲಿಷ್ ಟೆಸ್ಟ್ ಸಿಕ್ಕಿತು. ಒಬ್ಬೊಬ್ಬರಿಗೆ ಲೈಂಗಿಕ ಉದ್ರೇಕ ಎಷ್ಟು ಸುಲಭವಾಗಿ ಬರುತ್ತದೆ, ಎಷ್ಟು ಸುಲಭವಾಗಿ ತಡೆಯಾಗುತ್ತದೆ ಅಂತ ಅಳೆಯುತ್ತದಂತೆ. ಒಟ್ಟು 45 ಪ್ರಶ್ನೆ. ‘ಪೂರ್ತಿ ಒಪ್ಪುತ್ತೇನೆ’ಯಿಂದ ‘ಒಪ್ಪುವುದೇ ಇಲ್ಲ’ದವರೆಗೆ ನಾಲ್ಕು ಆಯ್ಕೆ. ಕೊನೆಯಲ್ಲಿ ಮೂರು ಅಂಕ ಕೊಟ್ಟರು. ಮೊದಲನೆಯದು ಕಡಿಮೆ, ಉಳಿದ ಎರಡು ಜಾಸ್ತಿ. ಅದನ್ನು ಕೆಂಪು ಬಣ್ಣದಲ್ಲಿ ತೋರಿಸಿದ್ದಾರೆ. ನೋಡಿ ಕೈಕಾಲು ತಣ್ಣಗಾಯಿತು.

ಹೆಂಡತಿಗೂ ಅದೇ ಟೆಸ್ಟ್ ಕೊಟ್ಟೆ. ನಿಮಿರುವಿಕೆ ಬಗ್ಗೆ ಇರುವ ಪ್ರಶ್ನೆಗಳನ್ನು ನೋಡಿ ಅವಳು ನಗಲು ಶುರು ಮಾಡಿದಳು, ಅರ್ಧಕ್ಕೇ ಬಿಟ್ಟಳು.

ಇದು ನಿಜವಾದ ವಿಜ್ಞಾನವೋ, ಅಥವಾ ನಿಮ್ಮ ರಾಶಿಗೆ ಯಾವ ಬಣ್ಣ ಅನ್ನುವಂಥ ಟೈಂಪಾಸೋ? ನಿಜ ಅಂತಾದರೆ ಈ ಅಂಕ ಬದಲಾಗುತ್ತದಾ, ಅಥವಾ ಹುಟ್ಟಿನಿಂದಲೇ ನಾನು ಹೀಗೇನಾ?

ಉತ್ತರ: ಗಂಗೋತ್ರಿ ಹಳೇ ವಿದ್ಯಾರ್ಥಿ

ಮೊದಲು ಆ ಕೆಂಪು ಬಣ್ಣ ಮರೆತುಬಿಡಿ. ಅದು ಆ ವೆಬ್‌ಸೈಟ್‌ನವರು ಬಳಿದದ್ದು. ಮೂಲ ಟೆಸ್ಟ್‌ನಲ್ಲಿ ಪಾಸು, ಫೇಲು ಅನ್ನುವ ಗೆರೆಯೇ ಇಲ್ಲ.

ಟೆಸ್ಟ್ ಮಾತ್ರ ಟೈಂಪಾಸ್ ಅಲ್ಲ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಕಿನ್ಸೆ ಇನ್‌ಸ್ಟಿಟ್ಯೂಟ್ ಅಂತ ಇದೆ, 1947ರಲ್ಲಿ ಶುರುವಾದದ್ದು. ಕಣಜಗಳ ಮೇಲೆ ಸಂಶೋಧನೆ ಮಾಡಿಕೊಂಡಿದ್ದ ಆಲ್‌ಫ್ರೆಡ್ ಕಿನ್ಸೆ ಅನ್ನುವ ಪ್ರಾಣಿಶಾಸ್ತ್ರಜ್ಞ ಮನುಷ್ಯರ ಲೈಂಗಿಕತೆ ಕಡೆ ತಿರುಗಿ ಅದನ್ನು ಕಟ್ಟಿದ. ಅಲ್ಲಿ ಜಾನ್ ಬ್ಯಾಂಕ್ರಾಫ್ಟ್ ಅನ್ನುವ ಬ್ರಿಟಿಷ್ ಮನೋವೈದ್ಯ ಮತ್ತು ಎರಿಕ್ ಯಾನ್ಸೆನ್ ಅನ್ನುವ ಡಚ್ ಮನೋವಿಜ್ಞಾನಿ ಸೇರಿ ‘ಡ್ಯುಯಲ್ ಕಂಟ್ರೋಲ್ ಮಾಡೆಲ್’ ಅಂತ ಒಂದು ಸಿದ್ಧಾಂತ ಕೊಟ್ಟರು. ಅದನ್ನು ಅಳೆಯುವ ಪ್ರಶ್ನಾವಳಿ 2002ರಲ್ಲಿ ಪ್ರಕಟವಾಯಿತು. ನೀವು ತುಂಬಿದ್ದು ಅದೇ ಇರಬೇಕು, 45 ಪ್ರಶ್ನೆ ಅಂದಿರಲ್ಲ.

ಸಿದ್ಧಾಂತ ಏನು ಅಂದರೆ, ಉದ್ರೇಕ ಅನ್ನುವುದು ಒಂದೇ ಅಳತೆಯ ಮೇಲಿನ ಜಾಸ್ತಿ ಕಡಿಮೆ ಅಲ್ಲ. ಎರಡು ಬೇರೆ ಬೇರೆ ವ್ಯವಸ್ಥೆ. ಒಂದು ಆಕ್ಸಿಲರೇಟರ್, ಇನ್ನೊಂದು ಬ್ರೇಕು. ಗಾಡಿ ನಿಂತಿದೆ ಅಂದರೆ ಆಕ್ಸಿಲರೇಟರ್ ಒತ್ತಿಲ್ಲ ಅಂತಲೂ ಇರಬಹುದು, ಒತ್ತಿದ್ದರೂ ಬ್ರೇಕ್ ಮೇಲೆ ಕಾಲಿದೆ ಅಂತಲೂ ಇರಬಹುದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತದೆ, ಆದರೆ ಪರಿಹಾರ ಬೇರೆ ಬೇರೆ. ಕೆಲವರಿಗೆ ಎರಡೂ ಜೋರು. ಕೆಲವರಿಗೆ ಎರಡೂ ಮಂದ. ಬಹಳ ಜನ ಮಧ್ಯದಲ್ಲೆಲ್ಲೋ ಇರುತ್ತಾರೆ.

45ರಲ್ಲಿ 20 ಪ್ರಶ್ನೆ ಉದ್ರೇಕಕ್ಕೆ. ಅಂದರೆ ಅಂಕ 20ರಿಂದ 80ರ ಒಳಗೆ ಬರುತ್ತದೆ. ಇಷ್ಟವಾದ ಧ್ವನಿ ಫೋನಿನಲ್ಲಿ ಕೇಳಿದರೆ ಏನಾಗುತ್ತದೆ, ಆಕರ್ಷಕ ಅನ್ನಿಸಿದವರು ಗೊತ್ತಿಲ್ಲದೆ ತಾಕಿದರೆ ಏನಾಗುತ್ತದೆ, ಆ ಥರದ್ದು. ಉಳಿದ 25 ತಡೆಗೆ. ಇಲ್ಲೊಂದು ಸ್ವಾರಸ್ಯ ಇದೆ. ಅವರು ತಡೆ ಒಂದೇ ಅಂದುಕೊಂಡು ಶುರು ಮಾಡಿದರು, 408 ಗಂಡಸರ ಉತ್ತರ ತೆಗೆದುಕೊಂಡು, ಯಾವ ಯಾವ ಪ್ರಶ್ನೆಯ ಉತ್ತರ ಒಟ್ಟೊಟ್ಟಿಗೆ ಏರಿಳಿಯುತ್ತದೆ ಅಂತ ನೋಡಿ ಗುಂಪು ಮಾಡುವ ಫ್ಯಾಕ್ಟರ್ ಅನಾಲಿಸಿಸ್‌ಗೆ ಹಾಕಿದಾಗ ಅದು ಎರಡಾಗಿ ಒಡೆಯಿತು. ಒಂದು, ‘ನನ್ನ ಕೈಲಿ ಆಗದೇ ಹೋದರೆ’ ಅನ್ನುವ ಭಯದಿಂದ ಬರುವ ತಡೆ, 14 ಪ್ರಶ್ನೆ. ಇನ್ನೊಂದು, ‘ಇದರಿಂದ ಏನಾದರೂ ಆಗಿಬಿಟ್ಟರೆ’ ಅನ್ನುವ ತಡೆ, 11 ಪ್ರಶ್ನೆ. ಯಾರಾದರೂ ನೋಡಿಬಿಟ್ಟರೆ, ಕೇಳಿಸಿಕೊಂಡರೆ, ಕಾಯಿಲೆ ಅಂಟಿದರೆ, ಬೇಡದ ಬಸಿರಾದರೆ, ಇಂಥವು.

ಈಗ ನೀವು ಬರೆದದ್ದನ್ನು ನೋಡಿ. ಬಚ್ಚಲ ಬಾಗಿಲು ಕಿರ್ ಅಂದಾಗ ಇಳಿದದ್ದು ಎರಡನೆಯ ಥರ. ಇವತ್ತೂ ಹಾಗೇ ಆಗಿಬಿಟ್ಟರೆ ಅನ್ನುವುದು ಮೊದಲನೆಯ ಥರ. ಒಂದು ಇನ್ನೊಂದನ್ನು ಎಳೆದುಕೊಂಡು ಬಂದಿದೆ. ಇದನ್ನು ಟೆಸ್ಟ್ ಇಲ್ಲದೆಯೂ ನೀವೇ ಹೇಳಿಬಿಟ್ಟಿದ್ದೀರಿ.

ಅಂದಹಾಗೆ ಈ ಫ್ಯಾಕ್ಟರ್ ಅನಾಲಿಸಿಸ್‌ ಶುರು ಮಾಡಿದವರು ಲಂಡನ್ನಿನ ಚಾರ್ಲ್ಸ್ ಸ್ಪಿಯರ್‌ಮನ್, 1904ರಲ್ಲಿ. ಅವರ ಹತ್ತಿರ ಓದಿ ಬಂದವರೇ ನಮ್ಮ ಎಂ.ವಿ. ಗೋಪಾಲಸ್ವಾಮಿ, ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಮನೋವಿಜ್ಞಾನ ವಿಭಾಗ ಕಟ್ಟಿದವರು. ನಾವು ಅವರನ್ನು 1935ರಲ್ಲಿ ಮನೆಯಲ್ಲೇ ‘ಆಕಾಶವಾಣಿ’ ಶುರು ಮಾಡಿದ್ದಕ್ಕೆ ಮಾತ್ರ ನೆನೆಯುತ್ತೇವೆ. ಮನಸ್ಸನ್ನು ಅಂಕಿಯಲ್ಲಿ ಅಳೆಯುವ ಕೆಲಸ ಈ ಊರಿಗೆ ನೂರು ವರ್ಷದಷ್ಟು ಹಳೆಯದು, ಸುಮ್ನೆ ಫಾರಿನ್ ಶೋಕಿ ಅಲ್ಲ.

ಇನ್ನು ನಿಮ್ಮ ಹೆಂಡತಿ ನಕ್ಕದ್ದು ಸರಿಯಾಗಿಯೇ ಇದೆ. ಆ ಪ್ರಶ್ನಾವಳಿ ಮೊದಲು ಮಾಡಿದ್ದೇ ಗಂಡಸರಿಗೆ. ಹೆಂಗಸರಿಗೆ ಬೇರೆಯದೇ ಇದೆ, ಅದರ ಬಗ್ಗೆ ಯಾರಾದರೂ ಕೇಳಿದರೆ ಬರೆಯುತ್ತೇನೆ.

ಉತ್ತರ: ಮದ್ದೂರಿನ ಸೊಸೆ

ಕೇಳುತ್ತಿದ್ದೇನೆ, ಬರೆಯಿರಿ. ಅದಕ್ಕೂ ಮೊದಲು ಪ್ರಶ್ನೆ ಕೇಳಿದವರಿಗೆ ಒಂದು ಮಾತು.

ನಿಮ್ಮ ಮನೆ ಹೆಂಚಿನದಾ? ನಮ್ಮದು ಹೆಂಚಿನ ಮನೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಹಳೇ ಹೆಂಚಿನ ಮನೆಯಲ್ಲಿ ರೂಮಿನ ಅಡ್ಡಗೋಡೆ ಸೂರಿನವರೆಗೆ ಹೋಗುವುದಿಲ್ಲ. ಆಳೆತ್ತರಕ್ಕೋ ಸ್ವಲ್ಪ ಮೇಲಕ್ಕೋ ನಿಂತುಬಿಡುತ್ತದೆ, ಅದರ ಮೇಲೆ ತೊಲೆ, ಜಂತಿ, ಎಲ್ಲಾ ಖಾಲಿ. ನಡುಮನೆಯಲ್ಲಿ ಅತ್ತೆ ಮಗ್ಗಲು ಬದಲಾಯಿಸಿದರೆ ಚಾಪೆ ಸದ್ದು ನಮಗೆ ಕೇಳುತ್ತದೆ. ಹಾಗಾದರೆ ನಮ್ಮದು ಅವರಿಗೆ ಕೇಳುವುದಿಲ್ಲವಾ? ಮದುವೆಯಾದ ಹೊಸದರಲ್ಲಿ ಮಂಚ ಸದ್ದು ಮಾಡುತ್ತದೆ ಅಂತ ಹಾಸಿಗೆ ಕೆಳಗೆ ಹಾಕಿಕೊಂಡೆವು. ಬಾಗಿಲಿನ ಅಗುಳಿ ಹಾಕಿದರೆ ಟಕ್ ಅನ್ನುತ್ತದೆ, ಆ ಟಕ್ ಇಡೀ ಮನೆಗೆ ಸುದ್ದಿ ಹೇಳಿದ ಹಾಗೆ ಅನ್ನಿಸಿ ನನಗೆ ಅಲ್ಲಿಗೇ ಎಲ್ಲಾ ಮುಗಿದುಹೋಗುತ್ತಿತ್ತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ತಲೆಗೆ ನೀರು ಹಾಕಿಕೊಂಡರೆ ಅದಕ್ಕೂ ಒಂದು ಅರ್ಥ, ಹಾಕಿಕೊಳ್ಳದಿದ್ದರೆ ಅದಕ್ಕೂ ಒಂದು ಅರ್ಥ.

‘ಬೇರೆಯವರಿಗೆ ಕೇಳಿಸುತ್ತದೆ ಅನ್ನಿಸಿದರೆ ನನ್ನ ಮೂಡ್ ಉಳಿಯುವುದಿಲ್ಲ’ ಅಂತ ಪ್ರಶ್ನೆ ಇದ್ದರೆ ನಾನು ಪೂರ್ತಿ ಒಪ್ಪುತ್ತೇನೆ ಅಂತಲೇ ಬರೆಯುತ್ತೇನೆ. ಅದು ನನ್ನ ಸ್ವಭಾವವಾ, ಗೋಡೆಯ ಎತ್ತರವಾ? ಕೆನಡಾದಲ್ಲಿ ಬಾಗಿಲು ಹಾಕಿಕೊಂಡು ಇಬ್ಬರೇ ಇರುವವರೂ ಇದಕ್ಕೆ ಉತ್ತರ ಬರೆಯುತ್ತಾರೆ, ನಾನೂ ಬರೆಯುತ್ತೇನೆ, ಇಬ್ಬರದ್ದೂ ಒಂದೇ ಪಟ್ಟಿಯಲ್ಲಿ ಕೂಡಿಸಿದರೆ ಹೇಗೆ?

ತವರಿಗೆ ಹೋದಾಗ, ಮೈಸೂರಿನ ಅಕ್ಕನ ಮನೆಯಲ್ಲಿ ಮಹಡಿ ರೂಮು ಸಿಕ್ಕಾಗ, ನಾನು ಬೇರೆಯೇ ಹೆಂಗಸು. ಇಷ್ಟು ಸಾಕು.

ಉತ್ತರ: ಸುಮ್ನೆ ಓದುವವನು

ಅಕ್ಕ ಹೇಳಿದ್ದೇ ಸರಿ. ಅಮೆರಿಕದ ಕಾಲೇಜು ಹುಡುಗರ ಮೇಲೆ ಮಾಡಿದ ಟೆಸ್ಟ್ ತಂದು ಮಂಡ್ಯದ ಗಂಡಸಿಗೆ ಹಾಕಿದರೆ ಕೆಂಪೂ ಬರುತ್ತದೆ, ಹಸಿರೂ ಬರುತ್ತದೆ. ಆ 408 ಜನರ ಸರಾಸರಿ ವಯಸ್ಸು 23 ಕೂಡ ಇಲ್ಲ. ಅಂಥ ಹುಡುಗರಿಗೆ ಗಾಳಿ ಬೀಸಿದರೂ ಮೂಡ್ ಬರುತ್ತದೆ. ಅದರ ಜೊತೆ ಹೋಲಿಸಿಕೊಂಡು ಇವರು ಹೆದರುವುದು ಯಾಕೆ? ಪ್ರೀತಿ ಪ್ರೇಮಕ್ಕೆಲ್ಲ ಅಂಕ ಹಾಕುವ ಹುಚ್ಚು ಯಾಕೆ ಅಂತ ನನಗೆ ಅರ್ಥವಾಗುವುದಿಲ್ಲ. ಚೆನ್ನಾಗಿ ಊಟ ಮಾಡಿ, ಚೆನ್ನಾಗಿ ನಿದ್ದೆ ಮಾಡಿ, ಫೋನ್ ಆಚೆ ಇಡಿ.

ಉತ್ತರ: ಗಂಗೋತ್ರಿ ಹಳೇ ವಿದ್ಯಾರ್ಥಿ

ಮದ್ದೂರಿನವರ ಮಾತು ಇಡೀ ಚರ್ಚೆಯಲ್ಲಿ ಮುಖ್ಯವಾದದ್ದು. ಅಳತೆಯ ಭಾಷೆಯಲ್ಲಿ ಹೇಳುವುದಾದರೆ, ಒಂದೇ ಪ್ರಶ್ನೆ ಎರಡು ಗುಂಪಿನಲ್ಲಿ ಒಂದೇ ವಿಷಯವನ್ನು ಅಳೆಯುತ್ತಿದೆಯಾ ಅಂತ ಮೊದಲು ಪರೀಕ್ಷೆ ಮಾಡಬೇಕು, ಆಮೇಲೆ ಸರಾಸರಿ ಹೋಲಿಸಬೇಕು. ಬಾಗಿಲು ಭದ್ರವಾಗಿರುವ ಮನೆಯಲ್ಲಿ ‘ಕೇಳಿಸಿದರೆ’ ಅನ್ನುವುದು ಒಂದು ಕಲ್ಪನೆ. ಅಲ್ಲಿ ಒಬ್ಬರು ಒಪ್ಪುತ್ತಾರೆ, ಇನ್ನೊಬ್ಬರು ಒಪ್ಪುವುದಿಲ್ಲ ಅಂದರೆ ಆ ವ್ಯತ್ಯಾಸ ಅವರ ಸ್ವಭಾವದ ಬಗ್ಗೆ ಏನೋ ಹೇಳುತ್ತದೆ. ಅಡ್ಡಗೋಡೆ ಮೇಲೆ ಖಾಲಿ ಇರುವ ಮನೆಯಲ್ಲಿ ಅದು ಕಲ್ಪನೆಯಲ್ಲ, ದಿನಾ ಇರುವ ಸಂಗತಿ. ಎಲ್ಲರೂ ಒಪ್ಪಿಬಿಟ್ಟರೆ ಆ ಪ್ರಶ್ನೆ ಯಾರನ್ನೂ ಯಾರಿಂದಲೂ ಬೇರೆ ಮಾಡುವುದಿಲ್ಲ. ಮನೆಯನ್ನು ಅಳೆದ ಹಾಗಾಯಿತು ಅಷ್ಟೇ.

ಆದರೆ ಅಂಕವೇ ಬೇಡ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅಂಕ ಹಾಕದೆ ಇದ್ದಾಗ ನಮ್ಮಲ್ಲಿ ಏನಾಗುತ್ತದೆ ಗೊತ್ತಲ್ಲ? ‘ಗಂಡಸಲ್ಲ’ ಅಂತಲೋ, ‘ಅವಳು ತಣ್ಣಗಿನ ಹೆಂಗಸು’ ಅಂತಲೋ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಅದೂ ಅಳತೆಯೇ, ಎರಡೇ ಖಾನೆ ಇರುವ ಕೆಟ್ಟ ಅಳತೆ. ಅದಕ್ಕಿಂತ ಈ ಮೂರು ಅಳತೆ ಎಷ್ಟೋ ಮೇಲು. ಜನರನ್ನು ರೋಗಿ, ಆರೋಗ್ಯವಂತ ಅಂತ ಒಡೆಯದೆ ಒಂದು ಸಾಲಿನಲ್ಲಿ ನಿಲ್ಲಿಸುತ್ತದೆ. ಮತ್ತೆ ಬ್ಯಾಂಕ್ರಾಫ್ಟ್ ಒತ್ತಿ ಹೇಳಿದ್ದು, ತಡೆ ಅನ್ನುವುದು ದೋಷವಲ್ಲ ಅಂತ. ಅಪಾಯ ಇರುವ ಕಡೆ ಆಸೆ ನಿಲ್ಲಬೇಕು, ನಿಲ್ಲಿಸುವ ವ್ಯವಸ್ಥೆ ಇರುವುದರಿಂದಲೇ ಮನುಷ್ಯ ಬದುಕಿದ್ದಾನೆ. ಎರಡನೆಯ ಥರದ ತಡೆ ತೀರಾ ಕಡಿಮೆ ಇರುವವರು ಕಾಂಡೋಮ್ ಇಲ್ಲದೆ, ಯೋಚನೆ ಇಲ್ಲದೆ ಮುನ್ನುಗ್ಗುವ ಸಾಧ್ಯತೆ ಹೆಚ್ಚು ಅಂತ ಅಧ್ಯಯನಗಳಲ್ಲಿ ಕಂಡಿದೆ. ಮೊದಲನೆಯ ಥರದ ತಡೆ ಹೆಚ್ಚಿರುವವರಲ್ಲಿ ನಿಮಿರುವಿಕೆಯ ತೊಂದರೆ ಹೆಚ್ಚು. ಅಂದರೆ ಈ ಅಂಕಗಳು ಬದುಕಿನ ಜೊತೆ ತಾಳೆಯಾಗುತ್ತವೆ, ಗಾಳಿಯಲ್ಲಿ ತೇಲುವುದಿಲ್ಲ.

ವಯಸ್ಸಿನ ಬಗ್ಗೆ ಓದುವವನು ಹೇಳಿದ್ದು ನಿಜ. ವಯಸ್ಸಾದಂತೆ ಉದ್ರೇಕದ ಅಂಕ ಇಳಿಯುತ್ತದೆ, ಆಗದೇ ಹೋದರೆ ಅನ್ನುವ ತಡೆ ಏರುತ್ತದೆ. 23ರ ಹುಡುಗರ ಸರಾಸರಿ ಇಟ್ಟುಕೊಂಡು 32ರವನಿಗೆ ಕೆಂಪು ಬಳಿಯುವುದು ತಪ್ಪು. ಇನ್ನೊಂದು ಸಮಸ್ಯೆ, ಇಂಥ ಅಧ್ಯಯನಕ್ಕೆ ಮುಂದೆ ಬರುವವರೇ ಸ್ವಲ್ಪ ಸಂಕೋಚ ಕಡಿಮೆ ಇರುವವರು. ಸಂಕೋಚ ಇರುವವರು ಫಾರ್ಮ್ ನೋಡಿಯೇ ಓಡುತ್ತಾರೆ. ಹಾಗಾಗಿ ‘ಸಾಮಾನ್ಯ’ ಅಂತ ಸಿಗುವ ಸಂಖ್ಯೆ ಊರಿನ ಸಾಮಾನ್ಯಕ್ಕಿಂತ ಸ್ವಲ್ಪ ಧೈರ್ಯಸ್ಥರ ಕಡೆ ವಾಲಿರುತ್ತದೆ.

ಹೆಂಗಸರ ಪ್ರಶ್ನಾವಳಿ ಕೇಳಿದಿರಿ. ಸಿಂಥಿಯಾ ಗ್ರಹಾಂ, ಸ್ಟೆಫನಿ ಸ್ಯಾಂಡರ್ಸ್, ರಾಬಿನ್ ಮಿಲ್‌ಹೌಸನ್ ಅನ್ನುವವರು 2006ರಲ್ಲಿ ಪ್ರಕಟಿಸಿದರು, 36 ಪ್ರಶ್ನೆ. ಅವರು ಮಾಡಿದ ಬುದ್ಧಿವಂತಿಕೆ ಏನು ಅಂದರೆ, ಗಂಡಸರ ಫಾರ್ಮ್‌ನಲ್ಲಿ ನಾಲ್ಕು ಪದ ಬದಲಾಯಿಸಿ ಕೊಡಲಿಲ್ಲ. ಮೊದಲು ಹೆಂಗಸರನ್ನು ಗುಂಪುಗಳಲ್ಲಿ ಕೂರಿಸಿ, ನಿಮಗೆ ಏನು ಮೂಡ್ ತರುತ್ತದೆ, ಏನು ಕೆಡಿಸುತ್ತದೆ ಅಂತ ಮಾತಾಡಲು ಬಿಟ್ಟರು. ಆಗ ಗಂಡಸರ ಫಾರ್ಮ್‌ನಲ್ಲಿ ಇಲ್ಲದ ವಿಷಯಗಳು ಬಂದವು. ಸಂಗಾತಿಯ ಮೈವಾಸನೆ. ಅವನು ಬೇರೆಯವರ ಜೊತೆ ನಡೆದುಕೊಳ್ಳುವ ರೀತಿ. ಸಂಬಂಧದಲ್ಲಿ ನಂಬಿಕೆ ಇದೆಯಾ ಅನ್ನುವುದು. ಮತ್ತೆ, ಎಲ್ಲ ಸರಿಯಾಗಿ ಕೂಡಿ ಬರದಿದ್ದರೆ ಉದ್ರೇಕ ಉಳಿಯುವುದೇ ಇಲ್ಲ, ಸಣ್ಣದೊಂದು ತಪ್ಪಿದರೂ ಹೋಯಿತು ಅನ್ನುವ ಒಂದು ಗುಂಪು ಪ್ರಶ್ನೆ. ಆ ಕೊನೆಯದನ್ನು ಮಂಡ್ಯ ಜಿಲ್ಲೆಯಲ್ಲಿ ಕೇಳಿದರೆ ಗಂಡಸರೂ ಸಾಲಾಗಿ ಕೈ ಎತ್ತುತ್ತಾರೆ ಅಂತ ನನ್ನ ಅಂದಾಜು.

ಉತ್ತರ: ಮೈಸೂರಿನ ಡಾಕ್ಟರ್

ಮನಸ್ಸಿನ ಮಾತು ಚೆನ್ನಾಗಿ ನಡೆದಿದೆ, ದೇಹದ್ದೂ ಸ್ವಲ್ಪ ಸೇರಿಸುತ್ತೇನೆ.

ಪ್ರಶ್ನೆ ಕೇಳಿದವರೇ, ಬೆಳಗಿನ ಜಾವ ತಾನಾಗಿಯೇ ನಿಮಿರುವಿಕೆ ಆಗುತ್ತದಾ? ಒಬ್ಬರೇ ಇದ್ದಾಗ ತೊಂದರೆ ಇದೆಯಾ? ಈ ಎರಡಕ್ಕೆ ಉತ್ತರ ಕೊಟ್ಟರೆ 45 ಪ್ರಶ್ನೆಗಿಂತ ಬೇಗ ದಾರಿ ಸಿಗುತ್ತದೆ. ಎರಡೂ ಸರಿ ಇದ್ದು ಹೆಂಡತಿ ಜೊತೆ ಇದ್ದಾಗ ಮಾತ್ರ ತೊಂದರೆ ಅಂದರೆ ರಕ್ತನಾಳ, ನರ ಬಹುತೇಕ ಸರಿ ಇವೆ ಅಂತ ಅರ್ಥ. ಎಲ್ಲ ಸಂದರ್ಭದಲ್ಲೂ ಇಲ್ಲ, ನಿಧಾನವಾಗಿ ಕಡಿಮೆಯಾಗುತ್ತಾ ಬಂದಿದೆ ಅಂದರೆ ಶುಗರ್, ಬಿಪಿ, ಕೊಲೆಸ್ಟರಾಲ್, ಥೈರಾಯ್ಡ್, ಹಾರ್ಮೋನು ನೋಡಿಸಲೇಬೇಕು. ಶಿಶ್ನದ ರಕ್ತನಾಳ ಹೃದಯದ ರಕ್ತನಾಳಕ್ಕಿಂತ ಸಣ್ಣದು. ಅದಕ್ಕೇ ನಾಳ ಕಟ್ಟುವ ಕಾಯಿಲೆ ಕೆಲವರಲ್ಲಿ ಹೃದಯಕ್ಕಿಂತ ಕೆಲವು ವರ್ಷ ಮೊದಲೇ ಇಲ್ಲಿ ಸೂಚನೆ ಕೊಡುತ್ತದೆ. ಸಂಕೋಚ ಅಂತ ಮುಚ್ಚಿಟ್ಟುಕೊಂಡವರು ಆ ಸೂಚನೆಯನ್ನೂ ಕಳೆದುಕೊಳ್ಳುತ್ತಾರೆ. ಖಿನ್ನತೆಗೆ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆ, ಕೆಲವು ಬಿಪಿ ಮಾತ್ರೆ, ಸಿಗರೇಟು, ಜಾಸ್ತಿ ಕುಡಿತ ಇವುಗಳಿಂದಲೂ ಆಗುತ್ತದೆ. ಮಾತ್ರೆ ತಗೊಳ್ಳುತ್ತಿದ್ದರೆ ನೀವೇ ನಿಲ್ಲಿಸಬೇಡಿ, ಬರೆದುಕೊಟ್ಟವರಿಗೆ ಹೇಳಿ.

ಟೆಸ್ಟ್‌ಗಳ ಬಗ್ಗೆ ಒಂದು ಗೊಂದಲ ಬಿಡಿಸಬೇಕು. ಕ್ಲಿನಿಕ್‌ನಲ್ಲಿ ನಾವು ಬಳಸುವ ಐಐಇಎಫ್ ಅನ್ನುವ 15 ಪ್ರಶ್ನೆಯ ಫಾರ್ಮ್ 1997ರದ್ದು, ಹೆಂಗಸರಿಗೆ ಎಫ್‌ಎಸ್‌ಎಫ್‌ಐ ಅನ್ನುವ 19 ಪ್ರಶ್ನೆಯದು 2000ದ್ದು. ಇವು ಕಳೆದ ನಾಲ್ಕು ವಾರ ಹೇಗಿತ್ತು ಅಂತ ಕೇಳುತ್ತವೆ. ಅಂದರೆ ಈಗಿನ ಸ್ಥಿತಿ. ಅವುಗಳಲ್ಲಿ ಗೆರೆ ಇದೆ, ಚಿಕಿತ್ಸೆ ಮೊದಲು ಮತ್ತು ಆಮೇಲೆ ಹೋಲಿಸಬಹುದು. ನೀವು ತುಂಬಿದ್ದು ಸ್ವಭಾವ ಅಳೆಯುವ ಫಾರ್ಮ್. ಅದರಿಂದ ಕಾಯಿಲೆ ಇದೆಯಾ ಇಲ್ಲವಾ ಹೇಳಲು ಬರುವುದಿಲ್ಲ. ಆ ವೆಬ್‌ಸೈಟ್ ಎರಡನ್ನೂ ಕಲಸಿ ನಿಮ್ಮನ್ನು ಹೆದರಿಸಿದೆ.

ಮೆಡಿಕಲ್ ಶಾಪ್‌ನಲ್ಲಿ ಕೇಳಿ ಸಿಲ್ಡೆನಾಫಿಲ್ ತಗೊಳ್ಳುವವರಿಗೂ ಒಂದು ಮಾತು. 1998ರಲ್ಲಿ ಬಂದ ಈ ಮಾತ್ರೆ ಆಸೆ ಹುಟ್ಟಿಸುವುದಿಲ್ಲ. ಉದ್ರೇಕದ ಸಂಕೇತ ಮಿದುಳಿನಿಂದ ಬಂದಾಗ ರಕ್ತನಾಳ ಹಿಗ್ಗಿ ಉಳಿಯಲು ಸಹಾಯ ಮಾಡುತ್ತದೆ ಅಷ್ಟೇ. ಸಂಕೇತವೇ ಬರದಿದ್ದರೆ ಮಾತ್ರೆಗೆ ಕೆಲಸವಿಲ್ಲ. ಎದೆನೋವಿಗೆ ನೈಟ್ರೇಟ್ ತಗೊಳ್ಳುವವರು ಇದನ್ನು ಮುಟ್ಟಲೇಬಾರದು, ಬಿಪಿ ಪಾತಾಳಕ್ಕೆ ಹೋಗುತ್ತದೆ.

ಇನ್ನು ನಮ್ಮ ಕಡೆಯ ಒಂದು ವಿಶೇಷ. ‘ಧಾತು ಹೋಗುತ್ತಿದೆ, ಅದಕ್ಕೇ ನನ್ನಲ್ಲಿ ಶಕ್ತಿ ಇಲ್ಲ’ ಅಂತ ಹುಡುಗರು ಈಗಲೂ ಬರುತ್ತಾರೆ. ಮನೋವೈದ್ಯ ನರೇಂದ್ರನಾಥ ವಿಗ್ 1960ರಲ್ಲಿ ಇದಕ್ಕೆ ಧಾತ್ ಸಿಂಡ್ರೋಮ್ ಅಂತ ಹೆಸರಿಟ್ಟರು. ವೀರ್ಯ ಹೋಗುವುದರಿಂದ ದೇಹ ಸೊರಗುವುದಿಲ್ಲ. ಆದರೆ ಸೊರಗುತ್ತದೆ ಅನ್ನುವ ಭಯ ನಿಜವಾದದ್ದು, ಆ ಭಯವೇ ಸಮಯಕ್ಕೆ ಸರಿಯಾಗಿ ಬ್ರೇಕ್ ಹಾಕುತ್ತದೆ. ಗೋಡೆಯ ಮೇಲಿನ ಜಾಹೀರಾತಿನವರು ಬದುಕುವುದು ಆ ಭಯದಿಂದಲೇ.

ಪ್ರಶ್ನೆ ಕೇಳಿದವರು: ಮಂಡ್ಯ ಕಡೆಯವನು

ಎಲ್ಲರಿಗೂ ಧನ್ಯವಾದ. ಇಷ್ಟು ನೇರವಾಗಿ ಯಾರೂ ಹೇಳಿರಲಿಲ್ಲ.

ಡಾಕ್ಟರ್ ಕೇಳಿದ್ದಕ್ಕೆ: ಬೆಳಗಿನದು ಸರಿ ಇದೆ. ಒಬ್ಬನೇ ಇದ್ದಾಗಲೂ ತೊಂದರೆ ಇಲ್ಲ. ಮದ್ದೂರಿನವರು ಕೇಳಿದ್ದಕ್ಕೆ: ಹೌದು, ಹೆಂಚಿನ ಮನೆಯೇ, ನಮ್ಮ ರೂಮಿನ ಗೋಡೆಯ ಆಚೆ ಅಜ್ಜಿಯ ಹಾಸಿಗೆ. ಅಜ್ಜಿಗೆ ರಾತ್ರಿ ನಿದ್ದೆ ಬರುವುದಿಲ್ಲ. ನಿಮ್ಮ ಮಾತು ಓದಿದ ಮೇಲೆ ಯೋಚನೆ ಮಾಡಿದೆ. ಹಬ್ಬಕ್ಕೆ ಹೆಂಡತಿಯ ತವರಿಗೆ ಹೋದಾಗ, ಅಲ್ಲಿ ಆರ್‌ಸಿಸಿ ಮನೆ, ಮೇಲೆ ಬೇರೆ ರೂಮು, ನನಗೆ ಈ ಯೋಚನೆ ಬಂದೇ ಇರಲಿಲ್ಲ. ಅದನ್ನು ನಾನು ಲೆಕ್ಕಕ್ಕೇ ತಗೊಂಡಿರಲಿಲ್ಲ.

ಇನ್ನೊಂದು ಕೇಳಲಾ? ಪ್ರಶ್ನೆಗೆ ಜನ ಸುಳ್ಳೂ ಬರೆಯಬಹುದಲ್ವಾ. ದೇಹಕ್ಕೆ ಮೀಟರ್ ಹಾಕಿ ನೇರವಾಗಿ ಅಳೆಯುವುದಿಲ್ಲವಾ ಯಾರೂ?

ಉತ್ತರ: ಗಂಗೋತ್ರಿ ಹಳೇ ವಿದ್ಯಾರ್ಥಿ

ಅಳೆಯುತ್ತಾರೆ. 1950ರ ದಶಕದಲ್ಲೇ ಚೆಕೊಸ್ಲೊವಾಕಿಯಾದಲ್ಲಿ ಕುರ್ಟ್ ಫ್ರಾಯ್ಂಡ್ ಅನ್ನುವ ವೈದ್ಯ ಶಿಶ್ನದ ಗಾತ್ರ ಎಷ್ಟು ಬದಲಾಗುತ್ತದೆ ಅಂತ ಅಳೆಯುವ ಉಪಕರಣ ಮಾಡಿದ. ಆಮೇಲೆ ಪಾದರಸ ತುಂಬಿದ ತೆಳು ರಬ್ಬರ್ ಉಂಗುರ ಬಂತು, ಅದು ಹಿಗ್ಗಿದಷ್ಟೂ ವಿದ್ಯುತ್ ತಡೆ ಬದಲಾಗುತ್ತದೆ, ಅದನ್ನು ದಾಖಲಿಸುತ್ತಾರೆ. ಹೆಂಗಸರಿಗೆ 1975ರಲ್ಲಿ ಬೆಳಕಿನಿಂದ ಅಳೆಯುವ ಒಂದು ಸಣ್ಣ ಉಪಕರಣ ಬಂತು. ಯೋನಿಯ ಒಳಗೋಡೆಗೆ ಬೆಳಕು ಬಿಟ್ಟು, ಎಷ್ಟು ತಿರುಗಿ ಬಂತು ಅಂತ ನೋಡಿ ರಕ್ತಸಂಚಾರ ಲೆಕ್ಕ ಹಾಕುತ್ತದೆ. ಈಗ ಶಾಖ ತೋರಿಸುವ ಕ್ಯಾಮೆರಾ ಕೂಡ ಬಳಸುತ್ತಾರೆ, ಮೈಗೆ ಏನನ್ನೂ ಮುಟ್ಟಿಸಬೇಕಾಗಿಲ್ಲ.

ಆದರೆ ಮೀಟರ್ ಸತ್ಯ, ಮನುಷ್ಯ ಸುಳ್ಳು ಅನ್ನುವ ಹಾಗಿಲ್ಲ. ಮೆರೆಡಿತ್ ಚಿವರ್ಸ್ ಮತ್ತು ಜೊತೆಗಾರರು 2010ರಲ್ಲಿ 132 ಅಧ್ಯಯನಗಳನ್ನು ಒಟ್ಟಿಗೆ ಹಾಕಿ ನೋಡಿದರು. ‘ನನಗೆ ಮೂಡ್ ಬಂದಿದೆ’ ಅಂತ ಹೇಳುವುದಕ್ಕೂ, ಉಪಕರಣ ತೋರಿಸುವುದಕ್ಕೂ ಎಷ್ಟು ಹೊಂದಿಕೆ ಅಂತ. ಗಂಡಸರಲ್ಲಿ ಅದು 0.66, ಹೆಂಗಸರಲ್ಲಿ 0.26. ಪೂರ್ತಿ ಹೊಂದಿದರೆ 1, ಸಂಬಂಧವೇ ಇಲ್ಲದಿದ್ದರೆ 0. ಹೆಂಗಸರಲ್ಲಿ ದೇಹದಲ್ಲಿ ರಕ್ತ ಓಡಿದ ಮಾತ್ರಕ್ಕೆ ಅವರಿಗೆ ಮನಸ್ಸಿದೆ ಅಂತ ಅರ್ಥವಲ್ಲ, ಮನಸ್ಸಿದ್ದರೂ ದೇಹ ತಡವಾಗಿ ಸ್ಪಂದಿಸಬಹುದು. ಗಂಡಸರಲ್ಲೂ ಪೂರ್ತಿ ಹೊಂದುವುದಿಲ್ಲ ನೋಡಿ. ಇದು ಲ್ಯಾಬಿನ ಆಚೆಯೂ ಗೊತ್ತಿರಬೇಕಾದ ಸಂಗತಿ. ‘ದೇಹ ಒಪ್ಪಿತ್ತಲ್ಲ’ ಅನ್ನುವ ವಾದ ಎಲ್ಲಿ ಬಂದರೂ ಅದಕ್ಕೆ ಬೆಲೆ ಕೊಡಬೇಡಿ, ಒಪ್ಪಿಗೆ ಅಂದರೆ ಬಾಯಲ್ಲಿ ಹೇಳಿದ ಒಪ್ಪಿಗೆಯೇ.

ಮತ್ತೆ ಲ್ಯಾಬಿನಲ್ಲಿ ಉಪಕರಣ ಹಾಕಿಕೊಂಡು, ಆಚೆ ರೂಮಿನಲ್ಲಿ ಸಂಶೋಧಕರು ಕೂತಿದ್ದಾರೆ ಅಂತ ಗೊತ್ತಿದ್ದೂ ಕೂರಲು ಒಪ್ಪುವವರು ಯಾರು? ನಿಮ್ಮ ಅಜ್ಜಿಯ ಕೆಮ್ಮಿಗೆ ಹೆದರದವರು. ಅಲ್ಲಿಗೆ ತಡೆ ಜಾಸ್ತಿ ಇರುವವರು ಮೊದಲೇ ಹೊರಗುಳಿದರು. ಅದಕ್ಕೇ ಪ್ರಶ್ನಾವಳಿ ಇನ್ನೂ ಬದುಕಿದೆ.

ಅಂಕ ಬದಲಾಗುತ್ತದಾ ಅಂತ ಮೊದಲೇ ಕೇಳಿದ್ದಿರಿ. ಕೆಲವು ವಾರದ ನಂತರ ಅದೇ ಜನರಿಗೆ ಮತ್ತೆ ಕೊಟ್ಟರೆ ಅಂಕ ಬಹುಮಟ್ಟಿಗೆ ಅಲ್ಲೇ ಇರುತ್ತದೆ. ಆದರೆ ಸ್ವಭಾವ ಸ್ಥಿರ ಅಂದ ಮಾತ್ರಕ್ಕೆ ಅನುಭವ ಸ್ಥಿರ ಅಲ್ಲ. ತಡೆ ಬೇಗ ಏಳುವ ಸ್ವಭಾವದವನಿಗೆ ತಡೆ ಎಬ್ಬಿಸುವ ವಸ್ತು ಕಡಿಮೆ ಮಾಡಿದರೆ ಅದು ಏಳುವುದೇ ಇಲ್ಲ. ನಿಮ್ಮ ಅತ್ತೆ ಮನೆ ಮಹಡಿಯಲ್ಲಿ ಆದದ್ದು ಅದೇ. ಇನ್ನೊಂದು ಗಮನಿಸಿ, ಮನಸ್ಸು ಸರಿ ಇಲ್ಲದಾಗ ಎಲ್ಲರಿಗೂ ಆಸೆ ಕಡಿಮೆಯಾಗುವುದಿಲ್ಲ. ಆತಂಕ, ಬೇಸರ ಇದ್ದಾಗ ಕೆಲವರಿಗೆ ಆಸೆ ಜಾಸ್ತಿಯಾಗುತ್ತದೆ ಅಂತ ಇದೇ ಬ್ಯಾಂಕ್ರಾಫ್ಟ್ ಮತ್ತು ಯಾನ್ಸೆನ್ 2003ರ ಸುಮಾರಿಗೆ ತೋರಿಸಿದರು. ಗಂಡ ಹೆಂಡತಿಯಲ್ಲಿ ಒಬ್ಬರು ಹಾಗೆ, ಇನ್ನೊಬ್ಬರು ಹೀಗೆ ಇದ್ದರೆ ಜಗಳವಾದ ರಾತ್ರಿ ಏನಾಗುತ್ತದೆ ಅಂತ ಊಹಿಸಿ.

ಉತ್ತರ: ಮದ್ದೂರಿನ ಸೊಸೆ

ನಾವು ಮಾಡಿದ್ದನ್ನು ಹೇಳುತ್ತೇನೆ, ಬೇಕಾದರೆ ಮಾಡಿ. ಅಡ್ಡಗೋಡೆ ಮೇಲಿನ ಖಾಲಿ ಜಾಗಕ್ಕೆ ಪ್ಲೈವುಡ್ ಹೊಡೆಸಿದೆವು. ಮನೆಯವರು ಯಾಕೆ ಅಂದಾಗ ಇಲಿ ಬರುತ್ತದೆ ಅಂದೆವು. ಸೂರಿನಲ್ಲಿ ಇಲಿ ಇದ್ದದ್ದೂ ನಿಜ. ಅಗುಳಿಗೆ ಎಣ್ಣೆ ಹಾಕಿದೆ, ಫ್ಯಾನ್ ಹಳೆಯದು, ಗರಗರ ಅನ್ನುತ್ತದೆ, ರಿಪೇರಿ ಮಾಡಿಸಬೇಡಿ ಅಂದೆ.

ಉತ್ತರ: ಮೈಸೂರಿನ ಡಾಕ್ಟರ್

ಬೆಳಗಿನದು ಸರಿ, ಒಬ್ಬರೇ ಇದ್ದಾಗ ಸರಿ, ಮಹಡಿಯಲ್ಲೂ ಸರಿ ಅಂದಮೇಲೆ ನನಗೆ ಹೆಚ್ಚು ಆತಂಕ ಇಲ್ಲ. ಆದರೂ ಖಾಲಿ ಹೊಟ್ಟೆಯ ಶುಗರ್ ಮತ್ತು ಬಿಪಿ ನೋಡಿಸಿ, 32ಕ್ಕೆ ಹೇಗೂ ನೋಡಿಸಬೇಕು. ‘ಇವತ್ತೂ ಹಾಗಾದರೆ’ ಅನ್ನುವ ಯೋಚನೆ ಬಿಡದಿದ್ದರೆ ಮನೋವೈದ್ಯರೋ ಮನಶ್ಶಾಸ್ತ್ರಜ್ಞರೋ ಇರುವ ಕಡೆ ಇಬ್ಬರೂ ಹೋಗಿ. ಕೆಲವು ವಾರ ಸಂಭೋಗದ ಗುರಿಯನ್ನೇ ಬಿಟ್ಟು, ಬರೀ ಸ್ಪರ್ಶದಿಂದ ಶುರು ಮಾಡುವ ಅಭ್ಯಾಸ ಹೇಳಿಕೊಡುತ್ತಾರೆ. ಗುರಿ ಇಲ್ಲ ಅಂದಾಗ ಸೋಲುವ ಭಯಕ್ಕೆ ಜಾಗ ಇರುವುದಿಲ್ಲ. ಮೊದಲು ಫೋನಿನಲ್ಲೇ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಟೆಲಿ ಮಾನಸ್ 14416, ಕನ್ನಡದಲ್ಲೂ ಮಾತಾಡುತ್ತಾರೆ.

ಪ್ರಶ್ನೆ ಕೇಳಿದವರು: ಮಂಡ್ಯ ಕಡೆಯವನು

ಆಯಿತು ಸರ್, ಶುಗರ್ ಈ ವಾರವೇ ನೋಡಿಸುತ್ತೇನೆ. ಹೆಂಡತಿಗೆ ಈ ಥ್ರೆಡ್ ತೋರಿಸಿದೆ. ಆ 36 ಪ್ರಶ್ನೆಯದು ತುಂಬಬೇಕಂತೆ, ಆಮೇಲೆ ನನ್ನ ಅಂಕದ ಜೊತೆ ಹೋಲಿಸಿ ನೋಡೋಣ ಅನ್ನುತ್ತಿದ್ದಾಳೆ.

ಉತ್ತರ: ಗಂಗೋತ್ರಿ ಹಳೇ ವಿದ್ಯಾರ್ಥಿ

ಹೋಲಿಸಬೇಡಿ, ಎರಡೂ ಬೇರೆ ಬೇರೆ ಅಳತೆ. ಇಬ್ಬರಿಗೂ ಒಂದೇ ಬೇಕು ಅಂದರೆ ಆ 36 ಪ್ರಶ್ನೆಯದನ್ನು ಮಾಡಿದ ತಂಡದವರೇ 2010ರಲ್ಲಿ ಗಂಡು ಹೆಣ್ಣು ಇಬ್ಬರೂ ತುಂಬಬಹುದಾದ 30 ಪ್ರಶ್ನೆಯದನ್ನು ಮಾಡಿದ್ದಾರೆ. ಅದರಲ್ಲೂ ಒಟ್ಟು ಅಂಕ ಬಿಡಿ. ಒಂದೊಂದೇ ಪ್ರಶ್ನೆ ಓದಿ, ಅವರು ಏನು ಟಿಕ್ ಮಾಡಿರಬಹುದು ಅಂತ ನೀವು ಊಹಿಸಿ, ನಿಮ್ಮದನ್ನು ಅವರು ಊಹಿಸಲಿ. ತಪ್ಪಿದ ಕಡೆ ನಿಂತು ಮಾತಾಡಿ.